ಮೊದಲು ಸೂರು, ಆಮೇಲೆ ಬಣ್ಣ

ಯುದ್ಧಕಾಲದ ಹಳೆಯ ವಿಮಾನವೊಂದು ಕೈಗೆ ಸಿಕ್ಕರೆ ಅದನ್ನು ಏನು ಮಾಡಬೇಕು? ಎಂಜಿನ್ ಬಿಚ್ಚಿ ಸರಿಮಾಡಿ ಮತ್ತೆ ಹಾರಿಸಬೇಕು ಎನ್ನುವವರಿದ್ದಾರೆ. ಹಾರುವುದು ಬೇಡ, ಕಾರ್ಖಾನೆಯಿಂದ ಹೊರಬಂದ ದಿನದಂತೆ ಮಿರಮಿರ ಮಿಂಚುವಂತೆ ಮಾಡಿ ಗಾಜಿನ ಮನೆಯಲ್ಲಿ ನಿಲ್ಲಿಸಬೇಕು ಎನ್ನುವವರಿದ್ದಾರೆ. ಸಿಕ್ಕ ಹಾಗೇ ಬಿಡಿ, ಧೂಳು ಒರೆಸಿ ಸಾಕು, ಒಂದು ರಿವೆಟ್ಟನ್ನೂ ಮುಟ್ಟಬೇಡಿ ಎನ್ನುವವರೂ ಇದ್ದಾರೆ. ಮೂವರೂ ತಂತಮ್ಮ ಮಟ್ಟಿಗೆ ಸರಿಯೇ. ಆದರೆ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ನಾಲ್ಕನೆಯ ಪದ್ಧತಿ. ವಿಮಾನವನ್ನು ಬಯಲಿನಲ್ಲಿ ನಿಲ್ಲಿಸುವುದು, ಮಳೆಗಾಲ ಕಳೆದ ಮೇಲೆ ಎನಾಮೆಲ್ ಬಣ್ಣ ಬಳಿಯುವುದು, ಪಕ್ಕದಲ್ಲಿ ಒಂದು ಫಲಕ ನೆಡುವುದು.

ಹನುಮನಹಳ್ಳಿಯಂಥ ಊರಿನಲ್ಲಿ ಕೂತು ವಿಮಾನದ ಜೀರ್ಣೋದ್ಧಾರದ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬರುವ ಭಕ್ತರಿಗೆ ಹಾರಾಟ ಹೊಸ ವಿಷಯವಲ್ಲ ಎಂಬ ತಮಾಷೆ ಹಾಗಿರಲಿ. ಹಳೆಯದನ್ನು ಉಳಿಸುವುದು ಹೇಗೆ ಎಂಬ ಜಗಳ ಈ ಸೀಮೆಯವರಿಗೆ ದಿನದ ಊಟದಷ್ಟು ಪರಿಚಿತ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆನೆಗೊಂದಿಯ ಹೊಳೆಗೆ ಕಟ್ಟಲು ಹೊರಟ ಸೇತುವೆಯೂ ಸೇರಿದಂತೆ ಕೆಲವು ಕಾರಣಗಳಿಂದ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿ ಇತ್ತು. ಆ ಸೇತುವೆ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದುಬಿತ್ತು. ಹೊಳೆಯಾಚೆಯ ಮಂಟಪಗಳಲ್ಲಿ ಬಿರುಕು ಬಿಟ್ಟ ತೊಲೆಗೆ ಹೊಸ ಕಲ್ಲಿನ ಆಸರೆ ಕೊಟ್ಟಿರುವುದನ್ನು ನಾವು ನೋಡುತ್ತಲೇ ಬೆಳೆದವರು. ಹೊಸ ಕಲ್ಲಿಗೆ ಹಳೆಯ ಕೆತ್ತನೆಯ ನಕಲು ಮಾಡುವುದಿಲ್ಲ. ಯಾವುದು ಹಳೆಯದು, ಯಾವುದು ಹೊಸದು ಎಂದು ನೋಡಿದವನಿಗೆ ಗೊತ್ತಾಗಬೇಕು. ಕಲ್ಲಿಗೆ ಒಪ್ಪುವ ಈ ನಿಯಮ ವಿಮಾನಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎನ್ನುವುದೇ ಇಲ್ಲಿನ ವಿಷಯ.

ಯುದ್ಧವಿಮಾನಗಳ ಚರಿತ್ರೆಯಲ್ಲಿ ತರಬೇತಿ ವಿಮಾನಕ್ಕೆ ಹೆಸರಿಲ್ಲ. ಬಾಂಬು ಹಾಕಿದ್ದಿಲ್ಲ, ಶತ್ರುವನ್ನು ಹೊಡೆದದ್ದಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಅದನ್ನು ಎತ್ತಿ ಕುಕ್ಕಿ, ರೆಕ್ಕೆಯ ತುದಿ ಮುರಿದು, ಮತ್ತೆ ಹಚ್ಚಿಸಿಕೊಂಡು ಹಾರುವುದನ್ನು ಕಲಿತರು, ಅಷ್ಟೇ. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಈ ಕೆಲಸ ಮಾಡಿದ್ದು ಮುಖ್ಯವಾಗಿ ಎರಡು ಯಂತ್ರಗಳು. ಮೊದಲ ಪಾಠಕ್ಕೆ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಟೈಗರ್ ಮಾತ್, ಮುಂದಿನ ಪಾಠಕ್ಕೆ ಅಮೆರಿಕದ ಹಾರ್ವರ್ಡ್. ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್‌ನಲ್ಲಿ. ಎರಡು ಜೊತೆ ರೆಕ್ಕೆ, 130 ಅಶ್ವಶಕ್ತಿಯ ಎಂಜಿನ್, ಬ್ರೇಕ್ ಇಲ್ಲ, ಹಿಂದೆ ಚಕ್ರದ ಬದಲು ನೆಲ ಗೀರುವ ಒಂದು ಊರುಗೋಲು. ಗುರು ಮುಂದೆ, ಶಿಷ್ಯ ಹಿಂದೆ. ಖಾಲಿ ವಿಮಾನದ ತೂಕ ಹೆಚ್ಚುಕಡಿಮೆ ಐದು ಕ್ವಿಂಟಲ್. ಒಟ್ಟು ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು.

ನಮ್ಮ ಸೀಮೆಗೂ ಇದಕ್ಕೂ ನಂಟಿದೆ. ಯುದ್ಧದ ಕಾಲಕ್ಕೆ ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ್ಯ, ಈಚೆ ದಡ ನಿಜಾಮರ ರಾಜ್ಯ. ನಿಜಾಮರ ರಾಜಧಾನಿಯ ಬೇಗಂಪೇಟೆಯಲ್ಲೇ ಟೈಗರ್ ಮಾತ್‌ಗಳಲ್ಲಿ ಪ್ರಾಥಮಿಕ ಹಾರಾಟ ಕಲಿಸುವ ಶಾಲೆ ನಡೆಯುತ್ತಿತ್ತು. ಆ ಪಾಠದ ಪರಂಪರೆ ಆಮೇಲೆ ನಮ್ಮದೇ ಭಾಗದ ಬೀದರಿಗೆ ಬಂತು. 1960ರ ದಶಕದಿಂದ ಬೀದರಿನ ಆಕಾಶದಲ್ಲಿ ಎಳೆಯ ಪೈಲಟ್‌ಗಳು ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿಸಿ ಕಲಿತರು. ಇಂದು ಅಲ್ಲೇ ಹಾಕ್ ಜೆಟ್‌ಗಳು ಗುಡುಗುತ್ತವೆ. ಕಲ್ಯಾಣ ಕರ್ನಾಟಕ ಎಂದರೆ ಬರ, ತೊಗರಿ, ಕೋಟೆ ಎಂದಷ್ಟೇ ಬರೆಯುವವರು ಈ ಸಂಗತಿಯನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.

ಬೆಂಗಳೂರಿನ ಕಥೆ ಬೇರೆ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಎಚ್‌ಎಎಲ್) ನೋಂದಾಯಿಸಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಕಾರ್ಖಾನೆ ನಿಲ್ಲಿಸಿಕೊಟ್ಟವನು ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿ. ಎಂಟೇ ತಿಂಗಳಲ್ಲಿ, 1941ರ ಆಗಸ್ಟಿನಲ್ಲಿ, ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಅದು ಹಾರ್ಲೋ ಎಂಬ ತರಬೇತಿ ವಿಮಾನ. ಮ್ಯಾಕ್ಸ್ ಹಾರ್ಲೋ ಎಂಬಾತ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಾಡಿದ ವಿಮಾನವೇ ಇದರ ಮೂಲ. ಪಾಠಕ್ಕೆಂದು ಹುಟ್ಟಿದ ವಿನ್ಯಾಸ ಪಾಠ ಹೇಳುವ ವಿಮಾನವಾಗಿ ಬೆಂಗಳೂರಿಗೆ ಬಂದದ್ದು. ಭಾರತದಲ್ಲಿ ಜೋಡಣೆಯಾಗಿ ಆಕಾಶಕ್ಕೇರಿದ ಈ ಕಾರ್ಖಾನೆಯ ಮೊದಲ ಯಂತ್ರ ಯುದ್ಧವಿಮಾನವಲ್ಲ, ತರಬೇತಿ ವಿಮಾನ ಎನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಮುಂದೆ ಕರ್ಟಿಸ್ ಹಾಕ್ ಬಂತು, ವಲ್ಟೀ ವೆಂಜೆನ್ಸ್ ಬಂತು. 1943ರಲ್ಲಿ ಅಮೆರಿಕದ ವಾಯುಪಡೆ ಕಾರ್ಖಾನೆಯನ್ನು ವಹಿಸಿಕೊಂಡು ಯುದ್ಧಕ್ಷೇತ್ರದ ವಿಮಾನಗಳ ದುರಸ್ತಿ ಡಿಪೋ ಮಾಡಿಕೊಂಡಿತು. ಬೆಂಗಳೂರಿನ ಸಾವಿರಾರು ಕೈಗಳು ವಿಮಾನ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿತದ್ದು ಆಗಲೇ.

ಆ ಕೈಗಳು ಏನು ಮಾಡಬಲ್ಲವು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಅದು ತರಬೇತಿ ವಿಮಾನದ್ದಲ್ಲ, ನಾಲ್ಕು ಎಂಜಿನ್ನಿನ ಲಿಬರೇಟರ್ ಎಂಬ ದೈತ್ಯ ಬಾಂಬರ್‌ನದು. ಆದರೆ ಹಳೆಯ ವಿಮಾನದ ಪುನರುಜ್ಜೀವನದ ಬಗ್ಗೆ ಕರ್ನಾಟಕದಲ್ಲಿ ಯಾರು ಬರೆದರೂ ಇದನ್ನು ದಾಟಿ ಹೋಗುವಂತಿಲ್ಲ. ಯುದ್ಧ ಮುಗಿದಾಗ ಅಮೆರಿಕದಿಂದ ಎರವಲು ಬಂದ ಲಿಬರೇಟರ್‌ಗಳನ್ನು ಬ್ರಿಟಿಷರು ಕಾನ್ಪುರದ ಚಕೇರಿಯಲ್ಲಿ ಗುಡ್ಡೆ ಹಾಕಿದ್ದರು. ಎರವಲು ತಂದದ್ದನ್ನು ಬೇರೆಯವರಿಗೆ ಬಿಡುವಂತಿಲ್ಲ, ಅದಕ್ಕೆಂದು ಬೇಕೆಂದೇ ಜಖಂ ಮಾಡಿ ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ, ಆ ಗುಡ್ಡೆಯಲ್ಲಿ ಒಂದರ ಅಂಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರುವಷ್ಟು ಮಾತ್ರ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್ಷೇದ್ ಮುನ್ಷಿ ಒಂದೊಂದನ್ನೇ ಹಾರಿಸಿಕೊಂಡು ಬಂದರು. ಹೀಗೆ ಬಂದವು ನಲವತ್ತಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿಯಾಗಿ ವಾಯುಪಡೆ ಸೇರಿದವು. 1948ರ ನವೆಂಬರಿನಲ್ಲಿ ಇವುಗಳಿಂದಲೇ 5ನೇ ಸ್ಕ್ವಾಡ್ರನ್ ಹುಟ್ಟಿತು. ಕೊನೆಯವು 1968ರ ಕೊನೆಯವರೆಗೂ ದುಡಿದವು.

ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದವು. ಉಳಿದವರೆಲ್ಲ ಅವನ್ನು ಕರಗಿಸಿ ಪಾತ್ರೆ ಪಡಗ ಮಾಡಿಕೊಂಡ ಮೇಲೂ ಬೆಂಗಳೂರಿನಲ್ಲಿ ಮರುಜೀವ ಪಡೆದವು ಉಳಿದುಕೊಂಡವು. ಹಾಗಾಗಿ ಇಂದು ಲಂಡನ್ನಿನ ಬ್ರಿಟಿಷ್ ವಾಯುಪಡೆ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವದಲ್ಲಿ, ಅಮೆರಿಕದ ಅರಿಜೋನಾದಲ್ಲಿ, ದೆಹಲಿಯ ಪಾಲಂನಲ್ಲಿ ನೋಡಸಿಗುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಲಂಡನ್ನಿನವರಿಗೆ ಅದನ್ನು ಭಾರತ ಉಡುಗೊರೆಯಾಗಿ ಕೊಟ್ಟದ್ದು 1974ರಲ್ಲಿ. ಅಮೆರಿಕದಲ್ಲಿ ಹಾರುವ ಸ್ಥಿತಿಗೆ ತಂದ ಇನ್ನೊಂದು ಕಾಲಿಂಗ್ಸ್ ಪ್ರತಿಷ್ಠಾನದ ಬಳಿ ಇದೆ. ಮುಂದೆ ಇದೇ ಸಂಸ್ಥೆಯ ಹೆಸರು ಬೇರೊಂದು ಕಾರಣಕ್ಕೆ ಬರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಯಾರೂ ಇವನ್ನು ಪರಂಪರೆ ಎಂದು ಉಳಿಸಲಿಲ್ಲ. ಕೆಲಸಕ್ಕೆ ಬೇಕಿತ್ತು, ಉಳಿಸಿದರು. ಇಪ್ಪತ್ತು ವರ್ಷ ದುಡಿಸಿದರು. ಅಷ್ಟರಲ್ಲಿ ಅವು ಪರಂಪರೆಯಾಗಿದ್ದವು.

ತರಬೇತಿ ವಿಮಾನಗಳಿಗೆ ಆ ಭಾಗ್ಯ ಇರಲಿಲ್ಲ. ಟೈಗರ್ ಮಾತ್‌ಗಳು ಯುದ್ಧದ ನಂತರ ಫ್ಲೈಯಿಂಗ್ ಕ್ಲಬ್ಬುಗಳ ಪಾಲಾದವು. ಅಲ್ಲೂ ಕಲಿಯುವವರ ಕೈಯಲ್ಲೇ ಸವೆದವು. ಒಂದರ ರೆಕ್ಕೆ ಇನ್ನೊಂದಕ್ಕೆ, ಇನ್ನೊಂದರ ಬಾಲ ಮತ್ತೊಂದಕ್ಕೆ. ಹೀಗೆ ಎರಡು ಮೂರು ದಶಕ ನಡೆದ ಮೇಲೆ ಯಾವುದಕ್ಕೆ ಯಾವ ನಂಬರು ಎಂದು ಹೇಳುವುದು ಕಷ್ಟ. ಒಡಲಿಗೆ ಹೊಡೆದ ಪುಟ್ಟ ಲೋಹದ ತಗಡಿನ ಮೇಲಿರುವ ಸಂಖ್ಯೆಯೇ ವಿಮಾನದ ಗುರುತು. ಆ ತಗಡು ಒಂದಿದ್ದರೆ ಸಾಕು, ಉಳಿದದ್ದೆಲ್ಲ ಹೊಸದಾಗಿ ಮಾಡಿ ಅಸಲಿ ವಿಮಾನ ಎಂದು ಮಾರುವ ವ್ಯಾಪಾರ ಯುರೋಪು, ಅಮೆರಿಕಗಳಲ್ಲಿ ಜೋರಾಗಿದೆ.

ಇದನ್ನು ಮೋಸ ಎನ್ನಬೇಕೆ? ಸಣಾಪುರದ ಕೆರೆಯಲ್ಲಿ, ಆನೆಗೊಂದಿಯ ಹೊಳೆಯಲ್ಲಿ ಓಡಾಡುವ ಹರಿಗೋಲನ್ನು ನೋಡಿ. ಐದು ನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಬುಟ್ಟಿದೋಣಿಯ ಬಗ್ಗೆ ಬರೆದಿದ್ದಾನೆ. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಚರ್ಮ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಹೊದಿಕೆ ಹರಿದರೆ ಬದಲಿಸುತ್ತಾರೆ, ಬಿದಿರು ಮುರಿದರೆ ಅದನ್ನೂ ಬದಲಿಸುತ್ತಾರೆ. ಅಂಬಿಗನನ್ನು ಕೇಳಿದರೆ ಅದೇ ಹರಿಗೋಲು ಎನ್ನುತ್ತಾನೆ. ಟೈಗರ್ ಮಾತ್ ಕೂಡ ಇದೇ ಜಾತಿಯದು. ಒಡಲಿಗೆ ಉಕ್ಕಿನ ಕೊಳವೆಯ ಹಂದರ, ರೆಕ್ಕೆಗೆ ಸ್ಪ್ರೂಸ್ ಮರದ ತೊಲೆ ಮತ್ತು ಪಕ್ಕೆಲುಬು, ಎಲ್ಲದರ ಮೇಲೆ ಬಟ್ಟೆ. ಬಟ್ಟೆ ಶಾಶ್ವತ ಎಂದು ಅದನ್ನು ಮಾಡಿದವರೇ ಭಾವಿಸಿರಲಿಲ್ಲ. ಕೆಲವು ವರ್ಷಕ್ಕೊಮ್ಮೆ ಕಿತ್ತು ಹೊಸದು ಹೊದಿಸುವುದು ಅದರ ಬದುಕಿನ ಭಾಗವೇ ಆಗಿತ್ತು. ಆದ್ದರಿಂದ ಕಲ್ಲಿನ ಮಂಟಪಕ್ಕೆ ಹಾಕುವ ನಿಯಮವನ್ನು ಇದಕ್ಕೆ ಹಾಗೇ ಹಾಕಲು ಬರುವುದಿಲ್ಲ.

ಬಟ್ಟೆ ಹೊದಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ರೆಕ್ಕೆಗೆ ಲಿನನ್ ಬಟ್ಟೆಯ ಗವಸು ಹೊಲಿದು ತೊಡಿಸುತ್ತಾರೆ. ಅಷ್ಟಕ್ಕೇ ಬಿಟ್ಟರೆ ಹಾರುವಾಗ ಮೇಲ್ಮೈಯ ಗಾಳಿಯ ಸೆಳೆತಕ್ಕೆ ಬಟ್ಟೆ ಉಬ್ಬಿ ರೆಕ್ಕೆಯ ಆಕಾರವೇ ಕೆಡುತ್ತದೆ. ಅದಕ್ಕೆ ಒಂದೊಂದು ಪಕ್ಕೆಲುಬಿಗೂ ಬಟ್ಟೆಯನ್ನು ಬಿಗಿದು ಕಟ್ಟಬೇಕು. ಮೊಳದುದ್ದಕ್ಕೆ ಹತ್ತಿರವಿರುವ ಸೂಜಿ, ಮೇಣ ಹಚ್ಚಿದ ದಾರ. ರೆಕ್ಕೆಯನ್ನು ಅಡ್ಡಲಾಗಿ ನಿಲ್ಲಿಸಿ ಈ ಬದಿಗೊಬ್ಬರು, ಆ ಬದಿಗೊಬ್ಬರು ಕೂರುತ್ತಾರೆ. ಈ ಬದಿಯವರು ಪಕ್ಕೆಲುಬಿನ ಪಕ್ಕಕ್ಕೆ ಸೂಜಿ ಚುಚ್ಚಿ ಆ ಬದಿಗೆ ದಾಟಿಸಿದರೆ, ಅವರು ಪಕ್ಕೆಲುಬನ್ನು ಸುತ್ತಿಸಿ ಹಿಂದಕ್ಕೆ ಕೊಡಬೇಕು. ಪ್ರತಿ ಹೊಲಿಗೆಗೂ ಗಂಟು, ಒಂದು ಕಡೆ ದಾರ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳಬಾರದು. ಪ್ರೊಪೆಲರ್‌ನ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಹೊಲಿಗೆಗಳು ಇನ್ನೂ ಹತ್ತಿರ ಹತ್ತಿರ. ಆಮೇಲೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸುತ್ತಾರೆ. ಅದರ ಮೇಲೆ ಡೋಪ್ ಎಂಬ ಸೆಲ್ಯುಲೋಸ್ ದ್ರಾವಣವನ್ನು ಪದರ ಪದರವಾಗಿ ಬಳಿಯುತ್ತಾರೆ. ಒಣಗುತ್ತಾ ಬಟ್ಟೆಯನ್ನು ಎಳೆದು ತಮಟೆಯ ಚರ್ಮದ ಬಿಗುವಿಗೆ ತರುವುದು ಈ ಡೋಪ್. ಬಿಸಿಲಿಗೆ ಬಟ್ಟೆ ಸತ್ವ ಕಳೆದುಕೊಳ್ಳದಂತೆ ನಡುವೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಪದರ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಡೋಪ್ ಬಳಿದರೆ ಮೇಲೆ ಬಿಳಿ ಮಬ್ಬು ಕೂತುಬಿಡುತ್ತದೆ, ಕೆಲಸ ಕೆಟ್ಟಿತು. ಈ ಲೆಕ್ಕದಲ್ಲಿ ಜುಲೈ ತಿಂಗಳ ಬೆಂಗಳೂರಿಗಿಂತ ಕೊಪ್ಪಳದ ಒಣ ಬಿಸಿಲೇ ಈ ಕೆಲಸಕ್ಕೆ ಲಾಯಕ್ಕು. ನೈಟ್ರೇಟ್ ಡೋಪ್ ಆದರೆ ಬೆಂಕಿಯ ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ, ಅದೊಂದು ಬೇರೆ ಭಯ.

ಈಗ ಲಿನನ್ ಬದಲು ಪಾಲಿಯೆಸ್ಟರ್ ಬಂದಿದೆ. ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೆ ಅದು ಬಿಗಿಯುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಹಾರಿಸುವವರು ಅದನ್ನೇ ಮೆಚ್ಚುತ್ತಾರೆ. ಮ್ಯೂಸಿಯಂನವರು ಒಪ್ಪುವುದು ಕಷ್ಟ, ಏಕೆಂದರೆ ನೇಯ್ಗೆಯ ನೋಟವೇ ಬದಲಾಗುತ್ತದೆ. ಅಂಟಿನ ವಿಷಯವೂ ಇಷ್ಟೇ ತೊಡಕಿನದು. ಆ ಕಾಲದ ಮರದ ರೆಕ್ಕೆಗಳಿಗೆ ಹಾಲಿನ ಕೇಸೀನ್‌ನಿಂದ ಮಾಡಿದ ಅಂಟು ಬಳಸುತ್ತಿದ್ದರು. ತೇವ ತಗುಲಿದರೆ ಬೂಷ್ಟು ಹಿಡಿಯುವ ಅಂಟು ಅದು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ತೊಲೆ ಒಳಗೆ ಬಿಟ್ಟುಕೊಂಡಿರಬಹುದು. ಹಾರುವ ವಿಮಾನವಾದರೆ ಅದನ್ನು ಬಿಚ್ಚಿ ಹೊಸ ಅಂಟು ಹಾಕದೆ ಗತ್ಯಂತರವಿಲ್ಲ. ನಿಲ್ಲುವ ವಿಮಾನವಾದರೆ ಹಾಗೇ ಬಿಡಬಹುದು, ಬಿಡಲೇಬೇಕು ಎಂದೂ ವಾದಿಸಬಹುದು. ಆ ಕಾಲದ ಬಡಗಿ ಅಂಟು ಒರೆಸಿದ ಬೆರಳಿನ ಗುರುತು ಒಳಗಿದ್ದರೆ ಅದೂ ದಾಖಲೆಯೇ.

ಲೋಹದ ವಿಮಾನದ ಕಾಯಿಲೆ ಬೇರೆ. ಎಚ್‌ಟಿ-2ನ್ನು ಇಲ್ಲಿ ತರಬೇಕು, ಅದು ಯುದ್ಧಕಾಲದ್ದಲ್ಲ, ಆದರೆ ಯುದ್ಧಕಾಲದ ಟೈಗರ್ ಮಾತ್‌ನ ಜಾಗಕ್ಕೆಂದೇ ಹುಟ್ಟಿದ್ದು. ವಿಷ್ಣು ಮಾಧವ ಘಾಟಗೆಯವರ ತಂಡ 1948ರಿಂದ ವಿನ್ಯಾಸ ಮಾಡಿ, 1951ರ ಆಗಸ್ಟಿನಲ್ಲಿ ಮೊದಲು ಹಾರಿಸಿದ ವಿಮಾನ. ಘಾಟಗೆ ಜರ್ಮನಿಯ ಗಟಿಂಗೆನ್‌ನಲ್ಲಿ ಓದಿ ಬಂದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಶುರುವಾದ ವಿಮಾನ ವಿಜ್ಞಾನ ವಿಭಾಗಕ್ಕೆ ಮೊದಲು ಮುಖ್ಯಸ್ಥರಾಗಿದ್ದವರು. 155 ಅಶ್ವಶಕ್ತಿಯ ಎಂಜಿನ್, ಪೂರ್ತಿ ಲೋಹದ ಮೈ, ಒಬ್ಬರ ಹಿಂದೊಬ್ಬರು ಕೂರುವ ಆಸನ. ಸುಮಾರು 170 ತಯಾರಾದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಘಾನಾ ದೇಶ ಹನ್ನೆರಡನ್ನು ಕೊಂಡು ತನ್ನ ವಾಯುಪಡೆಗೆ ಅಕ್ಷರಾಭ್ಯಾಸ ಮಾಡಿಸಿತು. ಬೆಂಗಳೂರಿನ ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ಪರಂಪರಾ ಕೇಂದ್ರದಲ್ಲಿ ಮಾರುತ್, ಅಜೀತ್, ಕಿರಣ್ ಜೆಟ್‌ಗಳ ಜೊತೆ ಎಚ್‌ಟಿ-2 ನೋಡಲು ಸಿಗುತ್ತದೆ. ಮಕ್ಕಳು ಮಾರುತ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಎಚ್‌ಟಿ-2 ಮುಂದೆ ನಿಲ್ಲುವವರು ಕಡಿಮೆ.

ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದುಕೊಳ್ಳುತ್ತೇವೆ. ಆಗುತ್ತದೆ, ಕಣ್ಣಿಗೆ ಕಾಣದ ಹಾಗೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡಿಗೆ ತಾಗಿರುವಲ್ಲಿ ಮಳೆನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಶುರುವಾಗಿ ತಗಡು ಸವೆಯುತ್ತದೆ. ರಿವೆಟ್ ತಲೆಯ ಸುತ್ತ ಬಣ್ಣ ಗುಳ್ಳೆಯೇಳುತ್ತದೆ, ಕೆರೆದು ನೋಡಿದರೆ ಬೂದಿಯಂಥ ಬಿಳಿ ಪುಡಿ. ಹೊಟ್ಟೆಯ ಕೆಳಗೆ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಬಣ್ಣ ಬಳಿಯುವವನು ಅವನ್ನೂ ಮುಚ್ಚಿ ಬಳಿದುಬಿಟ್ಟರೆ ಒಳಗೆ ಕೆರೆ. ಗುಬ್ಬಿ, ಪಾರಿವಾಳ ಗೂಡು ಕಟ್ಟಿದರೆ ಅವುಗಳ ಹಿಕ್ಕೆಯೂ ಲೋಹವನ್ನು ತಿನ್ನುತ್ತದೆ. ಪರ್ಸ್‌ಪೆಕ್ಸ್ ಮುಚ್ಚಳ ಬಿಸಿಲಿಗೆ ಕೂದಲೆಳೆ ಬಿರುಕು ಬಿಡುತ್ತದೆ, ಟೈರು ಕೂರುತ್ತದೆ. ಪಾರ್ಕುಗಳ ಮುಂದೆ, ವೃತ್ತಗಳಲ್ಲಿ, ಕಾಲೇಜುಗಳ ಅಂಗಳದಲ್ಲಿ ಕಂಬದ ಮೇಲೆ ನಿಂತಿರುವ ವಿಮಾನಗಳೆಲ್ಲ ಈ ಹಾದಿಯಲ್ಲೇ ಇವೆ. ಹೊಸ ಬಣ್ಣ ಹಚ್ಚಿದ ವರ್ಷ ಅವು ಎಲ್ಲಕ್ಕಿಂತ ಚೆಂದ ಕಾಣುತ್ತವೆ, ಆ ವರ್ಷವೇ ಅವುಗಳ ಮೇಲಿದ್ದ ಹಳೆಯ ಬರಹ, ಪರಿಶೀಲಕರ ಮುದ್ರೆ, ಪ್ಯಾಚು ಹಾಕಿದ ದಿನಾಂಕ ಎಲ್ಲ ಮಣ್ಣುಪಾಲಾಗುತ್ತವೆ.

ಇನ್ನೊಂದು ಅಪಾಯವನ್ನು ನಮ್ಮ ಮ್ಯೂಸಿಯಂಗಳು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. 1940ರ ದಶಕದ ಮೀಟರುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳೆಯುವ ರಾಸಾಯನಿಕ ಕೆಲವೇ ದಶಕಗಳಲ್ಲಿ ಸೋತು ಈಗ ಅಂಕಿಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ರೇಡಿಯಂ ಮಾತ್ರ ಹಾಗೇ ಇದೆ, ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಗಾಜು ಒಡೆದ ಮೀಟರನ್ನು ಉತ್ಸಾಹಿ ಸ್ವಯಂಸೇವಕರು ಬ್ರಷ್ ಹಿಡಿದು ಉಜ್ಜುವುದು ಬೇಡವೇ ಬೇಡ.

ಹಾರಿಸುವವರ ವಾದಕ್ಕೆ ಬರೋಣ. ಅವರ ಬಳಿ ಬಲವಾದ ಸಾಕ್ಷಿ ಇದೆ. ಭಾರತೀಯ ವಾಯುಪಡೆ ತನ್ನ ಒಂದು ಟೈಗರ್ ಮಾತನ್ನು ಬ್ರಿಟನ್ನಿಗೆ ಕಳಿಸಿ ಜೀರ್ಣೋದ್ಧಾರ ಮಾಡಿಸಿ, 2012ರ ಅಕ್ಟೋಬರ್ 8ರಂದು, ವಾಯುಪಡೆಗೆ 80 ತುಂಬಿದ ದಿನ, ಹಿಂಡನ್‌ನಲ್ಲಿ ಹಾರಿಸಿತು. ಆಮೇಲೆ ಒಂದು ಹಾರ್ವರ್ಡ್ ಅದರ ಜೊತೆಗೂಡಿತು. 600 ಅಶ್ವಶಕ್ತಿಯ ಒಂಬತ್ತು ಸಿಲಿಂಡರಿನ ಆ ಎಂಜಿನ್ನಿನ ಪ್ರೊಪೆಲರ್ ತುದಿಯ ಸೀಳುದನಿಯನ್ನು ಒಮ್ಮೆ ಕೇಳಿದವರಿಗೆ ನಿಂತ ವಿಮಾನ ಸಪ್ಪೆಯೇ. 2018ರಲ್ಲಿ ಡಕೋಟಾ ಸಾಗಣೆ ವಿಮಾನ ಬಂತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಹಾರಿಸಿದ್ದ ತಮ್ಮ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಕ್ಕೆ ಅದನ್ನು ಕೊಂಡು, ಬ್ರಿಟನ್ನಿನಲ್ಲಿ ಸರಿಮಾಡಿಸಿ ವಾಯುಪಡೆಗೆ ಒಪ್ಪಿಸಿದರು. ಪರಶುರಾಮ ಎಂದು ಹೆಸರಿಟ್ಟ ಆ ವಿಮಾನಕ್ಕೆ ವಿಪಿ 905 ಎಂಬ ಸಂಖ್ಯೆ ಬರೆಯಲಾಗಿದೆ. ಅದು 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಇಳಿದ ಡಕೋಟಾದ ಸಂಖ್ಯೆ. ಆ ದಿನ ಇಳಿದ ವಿಮಾನ ಇದಲ್ಲ. ಅಸಲಿತನದ ಪ್ರಶ್ನೆ ಎಷ್ಟು ಸಲೀಸಾಗಿ ಬದಿಗೆ ಸರಿಯುತ್ತದೆ ನೋಡಿ. ಅದರಿಂದ ಸಂಭ್ರಮಕ್ಕೆ ಕಡಿಮೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ನನಗೆ ಚುಚ್ಚುವುದು ಬೇರೆ. ಮೂರೂ ವಿಮಾನ ಸರಿಯಾದದ್ದು ಬ್ರಿಟನ್ನಿನಲ್ಲಿ. ಕಾನ್ಪುರದ ಗುಡ್ಡೆಯಿಂದ ಲಿಬರೇಟರ್ ಎಬ್ಬಿಸಿದ ಊರಿಗೆ ಐದು ಕ್ವಿಂಟಲ್ ತೂಕದ ಟೈಗರ್ ಮಾತ್ ಭಾರವಾಯಿತೆ? ಕಾರಣ ತಿಳಿಯದ್ದೇನಲ್ಲ. ಟೈಗರ್ ಮಾತ್‌ನ ನಕ್ಷೆಗಳು, ಬಿಡಿಭಾಗಗಳ ಅನುಮೋದನೆ ಇರುವುದು ಇಂಗ್ಲೆಂಡಿನ ಡಕ್ಸ್‌ಫರ್ಡ್‌ನ ಒಂದು ಸಂಸ್ಥೆಯ ಕೈಯಲ್ಲಿ. ರೆಕ್ಕೆ ಹೊಲಿಯುವ, ಹಳೆಯ ಎಂಜಿನ್ ಬಿಚ್ಚುವ ಪ್ರಮಾಣಪತ್ರ ಇರುವ ಜನ ಅಲ್ಲಿದ್ದಾರೆ, ಏಕೆಂದರೆ ಅಲ್ಲಿ ಅನೇಕ ಟೈಗರ್ ಮಾತ್‌ಗಳು ಇಂದಿಗೂ ಖಾಸಗಿಯವರ ಬಳಿ ಹಾರುತ್ತಿವೆ. ನಮ್ಮಲ್ಲಿ ಆ ಪೀಳಿಗೆ ನಿವೃತ್ತವಾಯಿತು, ಮುಂದಿನವರಿಗೆ ಕಲಿಸಲು ಕೆಲಸವೇ ಇರಲಿಲ್ಲ. ಹಾರಿಸುವುದರ ಪರವಾಗಿ ನಾನು ಒಪ್ಪುವ ಒಂದೇ ವಾದ ಇದು: ಹಾರುವ ವಿಮಾನ ಕುಶಲಕರ್ಮಿಗಳ ಒಂದು ಗುಂಪನ್ನು ಸಾಕುತ್ತದೆ. ಬ್ರಿಟನ್ನಿಗೆ ಕಳಿಸಿದಾಗ ವಿಮಾನ ಸರಿಯಾಗಿ ಬಂತು, ಕೈಕಸುಬು ಅಲ್ಲೇ ಉಳಿಯಿತು.

ವಿರುದ್ಧದ ವಾದಕ್ಕೆ ರಕ್ತದ ಸಾಕ್ಷಿ ಇದೆ. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಪ್ರವಾಸಿಗರನ್ನು ಹೊತ್ತು ಹಾರಿದ್ದ ಯುದ್ಧಕಾಲದ ಬಿ-17 ವಿಮಾನ ಬಿದ್ದು ಏಳು ಜನ ಸತ್ತರು. ಅದು ಕಾಲಿಂಗ್ಸ್ ಪ್ರತಿಷ್ಠಾನದ್ದು, ಬೆಂಗಳೂರಿನಲ್ಲಿ ಮರುಜೀವ ಪಡೆದ ಒಂದು ಲಿಬರೇಟರ್ ಇರುವುದು ಇವರ ಬಳಿಯೇ. ನಿರ್ವಹಣೆಯ ಲೋಪಗಳನ್ನು ಎತ್ತಿ ತೋರಿಸಿ ಅಲ್ಲಿನ ವಿಮಾನಯಾನ ಇಲಾಖೆ ಆ ಸಂಸ್ಥೆಗೆ ಪ್ರಯಾಣಿಕರನ್ನು ಕೂರಿಸುವ ಅನುಮತಿ ರದ್ದು ಮಾಡಿತು. ಮೂರು ವರ್ಷದ ಬಳಿಕ 2022ರ ನವೆಂಬರ್ 12ರಂದು ಡಲ್ಲಾಸ್‌ನ ಪ್ರದರ್ಶನದಲ್ಲಿ ಇನ್ನೊಂದು ಬಿ-17ಕ್ಕೆ ಪಿ-63 ಯುದ್ಧವಿಮಾನ ಡಿಕ್ಕಿ ಹೊಡೆದು ಆರು ಜನ ಹೋದರು. ಜನ ಹೋದದ್ದು ಮೊದಲ ನಷ್ಟ. ಜೊತೆಗೆ, ಮತ್ತೆ ಎಂದೂ ಸಿಗದ ಮೂರು ವಿಮಾನಗಳೂ ಹೋದವು.

ಮೂರನೆಯ ಪಂಗಡದ ಮಾತಿಗೆ ಒಳ್ಳೆಯ ಉದಾಹರಣೆ ಬ್ರಿಟಿಷ್ ವಾಯುಪಡೆ ಮ್ಯೂಸಿಯಂನಲ್ಲೇ ಇದೆ. ನಾರ್ವೆಯ ಸರೋವರದ ತಳದಿಂದ 1973ರಲ್ಲಿ ಎತ್ತಿದ ಹ್ಯಾಲಿಫ್ಯಾಕ್ಸ್ ಬಾಂಬರನ್ನು ಅವರು ಸರಿಮಾಡಲಿಲ್ಲ. ನೀರು ತಿಂದ ತಗಡು ಹಾಗೇ ಇದೆ, ನೋಡಿದವರ ಎದೆ ಝಲ್ಲೆನ್ನುತ್ತದೆ. ಅದೇ ಮ್ಯೂಸಿಯಂನಲ್ಲಿ ಇನ್ನೊಂದು ವಿಮಾನವಿದೆ, ಕಲ್ಯಾಣ ಕರ್ನಾಟಕದವರು ನೋಡಬೇಕಾದದ್ದು. ಒಂದನೆಯ ಮಹಾಯುದ್ಧದಲ್ಲಿ ನಿಜಾಮರು ಬ್ರಿಟಿಷರ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ವಿಮಾನಗಳನ್ನು ಕೊಡಿಸಿದ್ದರು. ಅವುಗಳ ಮೈಮೇಲೆ ನಿಜಾಮರ ಕೊಡುಗೆ ಎಂಬ ಬರಹ ಇರುತ್ತಿತ್ತು. ಅವುಗಳಲ್ಲಿ ಒಂದು 1918ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ ಇಳಿಯಬೇಕಾಗಿ ಬಂದು ಶತ್ರುವಿನ ವಶವಾಯಿತು, ಬರ್ಲಿನ್ ಮ್ಯೂಸಿಯಂ ಸೇರಿತು, ಎರಡನೆಯ ಯುದ್ಧದ ಗದ್ದಲದಲ್ಲಿ ಪೋಲೆಂಡಿಗೆ ಹೋಯಿತು. 1977ರಲ್ಲಿ ಬ್ರಿಟನ್ನಿನವರು ಪೋಲೆಂಡಿಗೆ ಒಂದು ಸ್ಪಿಟ್‌ಫೈರ್ ಕೊಟ್ಟು ಇದನ್ನು ಬಿಡಿಸಿಕೊಂಡರು, ಕಳೆದುಹೋದ ಭಾಗಗಳನ್ನು ಹೊಸದಾಗಿ ಮಾಡಿ ಕೆಲವು ವರ್ಷ ದುಡಿದು ನಿಲ್ಲಿಸಿದರು. ನಿಜಾಮರ ಬೊಕ್ಕಸ ತುಂಬಿದ್ದು ಎಲ್ಲಿಂದ ಎಂಬ ಲೆಕ್ಕಕ್ಕೆ ಹೋದರೆ ರಾಯಚೂರು ಸೀಮೆಯ ಜೋಳ, ಹತ್ತಿ ಬೆಳೆದವರ ಕಂದಾಯವೂ ಅದರ ಮೂಲೆಯಲ್ಲಿ ಎಲ್ಲೋ ಇದ್ದೀತು. ಒಂದೇ ಮ್ಯೂಸಿಯಂ ಒಂದು ವಿಮಾನವನ್ನು ಮುಟ್ಟದೆ ಬಿಟ್ಟಿತು, ಇನ್ನೊಂದನ್ನು ಪೂರ್ತಿ ಕಟ್ಟಿತು. ಎರಡನ್ನೂ ಸೂರಿನಡಿ ಇಟ್ಟಿತು.

ಹಾಗಾದರೆ ನಮ್ಮಲ್ಲಿ ಏನಾಗಬೇಕು? ಯುದ್ಧಕಾಲದ ತರಬೇತಿ ವಿಮಾನ ಹಾರಬೇಕೆಂಬ ಆಸೆಯನ್ನು ವಾಯುಪಡೆಯ ಟೈಗರ್ ಮಾತ್, ಹಾರ್ವರ್ಡ್‌ಗಳು ಪೂರೈಸಿವೆ. ಇನ್ನೊಂದನ್ನು ಹಾರಿಸಲು ಹೋಗುವ ಬದಲು ಇರುವವುಗಳನ್ನು ಬಿಸಿಲು ಮಳೆಯಿಂದ ಎತ್ತಿ ಸೂರಿನಡಿ ಇಡುವುದಕ್ಕೆ ದುಡ್ಡು ಸುರಿಯಬೇಕು. ಒಂದು ವಿಮಾನಕ್ಕೆ ಮೂರು ಸಲ ಬಣ್ಣ ಬಳಿಯುವ ಖರ್ಚಿನಲ್ಲಿ ತಗಡಿನ ಚಾವಣಿಯಾದರೂ ಎದ್ದು ನಿಲ್ಲುತ್ತದೆ. ಬಣ್ಣ ಬಳಿಯುವ ಮೊದಲು ಇಂಚಿಂಚೂ ಫೋಟೋ ತೆಗೆದು, ಹಳೆಯ ಬರಹಗಳನ್ನು ಅಚ್ಚು ತೆಗೆದಿಟ್ಟುಕೊಳ್ಳಬೇಕು. ವಿಮಾನದ ಜೊತೆ ಅದರ ಲಾಗ್ ಬುಕ್ ಎಲ್ಲಿದೆ ಎಂದು ಹುಡುಕಬೇಕು. ಎಷ್ಟು ಗಂಟೆ ಹಾರಿತು, ಯಾವ ದಿನ ಯಾವ ರೆಕ್ಕೆ ಬದಲಾಯಿತು ಎನ್ನುವ ಆ ಪುಸ್ತಕ ರದ್ದಿಗೆ ಹೋದರೆ ಎದುರಿಗೆ ನಿಂತದ್ದು ತಗಡು ಅಷ್ಟೇ.

ಕೈಕಸುಬಿನ ವಿಷಯಕ್ಕೆ ಎಚ್‌ಟಿ-2ನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ನಕ್ಷೆ ನಮ್ಮದೇ, ಯಾರ ಅನುಮತಿಯೂ ಬೇಕಿಲ್ಲ. ಹಾರಿಸುವುದು ಬೇಡ ಎಂದು ಮೊದಲೇ ಒಪ್ಪಿಕೊಂಡರೆ ಪ್ರಮಾಣಪತ್ರದ ಗೊಡವೆಯೂ ಇಲ್ಲ. ಜಾಹೀರಾತಿಗೆ ಬಾರದ ಮೂಲೆಯಲ್ಲಿ ನಿಂತ ಒಂದನ್ನು ಶೆಡ್ಡಿಗೆ ತಂದು, ಕೊಪ್ಪಳ, ಗಂಗಾವತಿ, ಬೀದರಿನ ಐಟಿಐಗಳ ಫಿಟ್ಟರ್, ಶೀಟ್ ಮೆಟಲ್ ಹುಡುಗ ಹುಡುಗಿಯರನ್ನು ಬ್ಯಾಚು ಬ್ಯಾಚಾಗಿ ಕರೆಸಿ, ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರಿಂದ ಕಲಿಸಿದರೆ ಕೆಲಸ ಸಾಗುತ್ತದೆ. ನಿಧಾನವಾಗಿ ಸಾಗಲಿ, ಅವಸರವೇನು? ಮ್ಯೂಸಿಯಂಗೆ ಬಂದವರು ಬೇಲಿಯ ಆಚೆ ನಿಂತು ಕೆಲಸ ನೋಡಲಿ. ಮುಗಿದ ವಿಮಾನಕ್ಕಿಂತ ಅರ್ಧ ಬಿಚ್ಚಿದ ವಿಮಾನ ನೋಡಲು ಹೆಚ್ಚು ಸ್ವಾರಸ್ಯ. ಒಳಗಿನ ತಂತಿ, ರಾಟೆ, ಕಡ್ಡಿ ಎಳೆದರೆ ಬಾಲದಲ್ಲಿ ಏನು ಅಲ್ಲಾಡುತ್ತದೆ ಎನ್ನುವುದೆಲ್ಲ ಆಗಲೇ ಕಾಣುವುದು. ನಮ್ಮ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಬೆಂಗಳೂರಿಗೆ ಬಂದಾಗ ಮಾಸ್ತರು ಮಕ್ಕಳನ್ನು ಒಂದು ಗಂಟೆ ಅಲ್ಲಿ ನಿಲ್ಲಿಸಿದರೆ, ವಿಮಾನ ಹೇಗೆ ಹಾರುತ್ತದೆ ಎಂಬ ಪಾಠವನ್ನು ಆಮೇಲೆ ಊರಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳುವ ಕಷ್ಟ ಅವರಿಗೆ ತಪ್ಪುತ್ತದೆ.